ಇನ್ನೊಂಚೂರು ಮುಂದೆ, ಹಾಂ, ಇಲ್ಲೇ

14 ಡಿಸೆಂಬರ್ 2025, ಭಾನುವಾರ
ಸಂಪೇಕಟ್ಟೆ, ರಾತ್ರಿ ಒಂಬತ್ತೂವರೆ

ಹ್ಯಾಂಡಲ್ ಹಿಡಿದೂ ಹಿಡಿದೂ ಕೈ ಜೋಮು ಹಿಡಿದಿದೆ. ಕರೆಂಟ್ ಇಲ್ಲ. ಹೋಂಸ್ಟೇ ಅಕ್ಕ ಬಿಸಿ ಅನ್ನಕ್ಕೆ ಒಂದೆಲಗದ ತಂಬುಳಿ ಹಾಕಿ, ಒಂದು ಕಂಬಳಿ ಜಾಸ್ತಿನೇ ಕೊಟ್ಟು ಹೋಗಿದ್ದಾರೆ. ಫೋನಲ್ಲೇ ಬರೀತಿದ್ದೇನೆ, ಸಿಗ್ನಲ್ ಸಿಕ್ಕಾಗ ಹಾಕುತ್ತೇನೆ.

ಅಣ್ಣನ ಮೆಸೇಜಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅದು ಆಮೇಲೆ.

ಬೆಳಗ್ಗೆ ಸಾಗರದಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಆವಿನಹಳ್ಳಿ ದಾಟಿದೆ. ದಾರಿಯುದ್ದಕ್ಕೂ ಅಡಿಕೆ ಬೇಯಿಸುವ ವಾಸನೆ. ಕೊಯ್ಲಿನ ಕಾಲ ಅಲ್ವಾ, ಅಂಗಳ ಅಂಗಳದಲ್ಲೂ ಕೆಂಪಗೆ ಹರಡಿದ್ದರು. ಹೆಲ್ಮೆಟ್ ಒಳಗೂ ಆ ಚೊಗರಿನ ವಾಸನೆ ನುಗ್ಗಿ ಬರುತ್ತಿತ್ತು.

ಅಂಬಾರಗೋಡ್ಲು ಹತ್ತಿರ ರಸ್ತೆ ಬದಿಯಲ್ಲಿ ಒಬ್ಬ ಅಜ್ಜ ಕೈ ಅಡ್ಡ ಹಾಕಿದರು. ಪಂಚೆ, ಅರ್ಧ ತೋಳಿನ ಸ್ವೆಟರ್, ಕಂಕುಳಲ್ಲಿ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯದೇನೋ.

"ತಮ್ಮಾ, ಆಚೆ ದಡಕ್ಕೆ ಬಿಡ್ತ್ಯಾ?"

ಹೆಲ್ಮೆಟ್ ಗಾಜು ಎತ್ತಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಓ, ಹೆಣ್ಣುಮಗಳು! ಇರ್ಲಿ ಬಿಡು ತಂಗಿ, ನಾ ಬೇರೆ ಯಾರಾದ್ರೂ ಬಂದ್ರೆ ನೋಡ್ತೆ."

"ಅಜ್ಜ, ನಾನೂ ಆಚೆಗೇ ಹೋಗೋದು. ಕೂತ್ಕೊಳ್ಳಿ."

ಜೊತೆಗೆ ಬರಬೇಕಿದ್ದ ಸುಮಾಳ ಹೆಲ್ಮೆಟ್ ಬ್ಯಾಗಿನ ಮೇಲೆ ಕಟ್ಟಿಕೊಂಡೇ ಬಂದಿದ್ದೆ. ಅವಳು ಕೊನೇ ಗಳಿಗೆಯಲ್ಲಿ ಬರಲ್ಲ ಅಂದುಬಿಟ್ಟಳು. ಅದನ್ನು ಅಜ್ಜನ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದು ಕೂರಿಸಿಕೊಂಡೆ. ಗೋಣಿಗಂಟನ್ನು ನಮ್ಮಿಬ್ಬರ ಮಧ್ಯೆ ಇಟ್ಟುಕೊಂಡರು. ಬೆನ್ನಿಗೆ ಗಟ್ಟಿ ಮರದ ತುದಿ ಒತ್ತುತ್ತಿತ್ತು.

"ಬಸ್ ಇರ್ಲಿಲ್ವಾ ಅಜ್ಜ?"

"ಎರಡು ಬಸ್ ಬಿಟ್ಟೆ."

"ಯಾಕೆ?"

"ಬಸ್ಸಿನವ್ರು ಸೇತುವೆ ಮೇಲೆ ನಿಲ್ಸದಿಲ್ಲ."

ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಉದ್ಘಾಟನೆಯಾಗಿ ಇವತ್ತಿಗೆ ಸರಿಯಾಗಿ ಐದು ತಿಂಗಳು. 2.44 ಕಿಲೋಮೀಟರ್ ಉದ್ದ. ನಲವತ್ತರ ಸ್ಪೀಡಲ್ಲಿ ಹೋದರೂ ನಾಲ್ಕು ನಿಮಿಷ ಬೇಡ. 2019ರಲ್ಲಿ ನಾನು ಲಾಂಚಲ್ಲಿ ದಾಟಿದ್ದೆ. ಬಸ್ಸು, ಕಾರುಗಳ ಸಂದಿಯಲ್ಲಿ ಬೈಕ್ ಬೀಳದ ಹಾಗೆ ಹಿಡಿದು ನಿಂತಿದ್ದೆ. ಪಾದಕ್ಕೆ ಇಂಜಿನ್ನಿನ ಗುಡುಗುಡು, ಸುತ್ತ ನೀರು, ನೀರಿನ ಮಧ್ಯೆ ಗುಡ್ಡಗಳ ನೆತ್ತಿ. ಅದರಷ್ಟು ಚಂದದ ಪ್ರಯಾಣ ನಾನು ಮಾಡಿರಲಿಲ್ಲ. ಸೇತುವೆ ಆದಾಗ ಇನ್ನು ಆ ಸುಖ ಹೋಯ್ತು ಅಂತ ಇಲ್ಲೇ ದುಃಖದಿಂದ ಬರೆದಿದ್ದೆ. ಆ ಮಾತನ್ನು ಇವತ್ತು ವಾಪಸ್ ತಗೊಳ್ತಿದ್ದೇನೆ.

ಯಾಕಂದರೆ ಸೇತುವೆ ಏರುವ ಮೊದಲೇ ಅಜ್ಜ ಗಾಳಿಯಲ್ಲಿ ಕೂಗಿ ಕೂಗಿ ಹೇಳಿದರು. ಕತ್ತಲಾದ ಮೇಲೆ ಲಾಂಚ್ ಇರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಗಾಡಿ ಹತ್ತಿಸುತ್ತಿರಲಿಲ್ಲ. ಮೊಮ್ಮಗನಿಗೆ ಜ್ವರ ನೆತ್ತಿಗೇರಿದ ರಾತ್ರಿ ದಡದಲ್ಲೇ ಕೂತು ಬೆಳಗು ಮಾಡಿದರಂತೆ. "ಆಚೆ ದಡದ ಲೈಟು ಕಾಣ್ತದೆ ತಂಗಿ. ಹೋಪ ಹಾಂಗಿಲ್ಲ." ಮಗು ಬದುಕಿತು, ಈಗ ಡಿಪ್ಲೊಮಾ ಓದುತ್ತಿದ್ದಾನೆ ಅಂತಲೂ ಸೇರಿಸಿದರು. ನಾನು ಕೇಳುವ ಮೊದಲೇ ಹೇಳಿದರು, ನನ್ನ ಹೆಗಲು ಬಿಗಿಯಾದದ್ದು ಗೊತ್ತಾಯ್ತೋ ಏನೋ.

ಸೇತುವೆ ನಡುವಿಗೆ ಬಂದಾಗ ಭುಜ ತಟ್ಟಿದರು. "ನಿಧಾನ." ಅಂಚಿಗೆ ಸರಿದು, ಕನ್ನಡಿಯಲ್ಲಿ ಹಿಂದೆ ನೋಡಿ, ಮೊದಲ ಗೇರಿಗೆ ಇಳಿಸಿದೆ.

"ಇನ್ನೊಂಚೂರು ಮುಂದೆ... ಮುಂದೆ... ಅಯ್ಯೋ, ದಾಟ್ತು. ಹಿಂದೆ ಬಾ."

ಇಂಜಿನ್ ಆಫ್ ಮಾಡಿ, ಎರಡೂ ಕಾಲು ನೆಲಕ್ಕೂರಿ, ಬೈಕನ್ನು ಹಿಂದಕ್ಕೆ ತಳ್ಳಿದೆ. ಲಗೇಜು, ಅಜ್ಜ, ಎಲ್ಲ ಸೇರಿ ಭಾರ. ಒಂದು ಮಾರು ಬಂದಿರಬೇಕು.

"ಹಾಂ. ಇಲ್ಲೇ."

ಇಳಿದು ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಕಟ್ಟೆಯ ಹತ್ತಿರ ನಿಂತು ಕೆಳಗೆ ನೀರಿಗೆ ಕೈ ಮುಗಿದರು. ಬರೀ ನೀರು, ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು.

"ಏನಿತ್ತು ಅಜ್ಜ ಇಲ್ಲಿ?"

"ನಮ್ಮನೆ ಚೌಡಿ ಕಲ್ಲು."

ಈ ನೀರು ನಿಲ್ಲಿಸಿದ ಲಿಂಗನಮಕ್ಕಿ ಡ್ಯಾಮ್ ಮುಗಿದದ್ದು 1964ರಲ್ಲಿ. ಮನೆ ಬಿಟ್ಟಾಗ ಇವರಿಗೆ ಹನ್ನೊಂದು ವರ್ಷವಂತೆ. ಊರಿನ ಎಷ್ಟೋ ಮಂದಿ ಗಂಟುಮೂಟೆ ಕಟ್ಟಿ ದೂರ ಹೋದರು. ಇವರ ಅಪ್ಪ ಮಾತ್ರ ಗುಡ್ಡ ಹತ್ತಿ, ನೀರಿನ ಅಂಚಿನಲ್ಲೇ ಮತ್ತೆ ಸೂರು ಕಟ್ಟಿದರು. ಲಾಂಚಲ್ಲಿ ಹೋಗುವಾಗಲೆಲ್ಲ ಅಪ್ಪ ಒಂದು ಜಾಗದಲ್ಲಿ ಕೈ ಮುಗಿಯುತ್ತಿದ್ದರಂತೆ.

"ನೀರಲ್ಲಿ ಜಾಗ ಹೆಂಗೆ ಗೊತ್ತಾಗ್ತಿತ್ತು?"

ಅಜ್ಜ ನನ್ನ ತೋಳು ಹಿಡಿದು ತಮ್ಮ ಜಾಗದಲ್ಲಿ ನಿಲ್ಲಿಸಿದರು. ದೂರದ ನಡುಗಡ್ಡೆಯ ತುದಿ ತೋರಿಸಿದರು. ಅದರ ಹಿಂದೆ ಆಚೆ ದಿಬ್ಬದ ಮೇಲೆ ಒಂದು ಒಂಟಿ ಮರ. "ಆ ತುದಿ, ಆ ಮರ, ಎರಡೂ ಒಂದಕ್ಕೊಂದು ಕೂಡಬೇಕು. ಹಂಗೆ ಕೂಡದು ಈ ಗೆರೆ ಮೇಲೆ ಮಾತ್ರ. ಲಾಂಚ್ ಈ ಗೆರೆ ದಾಟ್ತಾ ಇತ್ತು. ಬಸ್ಸೂ ದಾಟ್ತದೆ. ಆದ್ರೆ ಬಸ್ಸಲ್ಲಿ ಮರ ಕಾಣದ್ರೊಳಗೆ ಮುಂದೆ ಹೋಗಿರ್ತದೆ."

ನಾನು ಎರಡು ಹೆಜ್ಜೆ ಎಡಕ್ಕೆ ಸರಿದೆ. ಮರ ತುದಿಯಿಂದ ಸರಿದು ಹೋಯ್ತು. ಮತ್ತೆ ಬಲಕ್ಕೆ ಬಂದೆ. ಸರಿಯಾಗಿ ಬಂದು ಕೂತಿತು. ಇಷ್ಟೇ, ಎರಡು ಹೆಜ್ಜೆಯ ವ್ಯತ್ಯಾಸ.

"ಸೇತುವೆ ಬೇಕಿತ್ತು," ಅಂದರು ಚಪ್ಪಲಿ ಮೆಟ್ಟುತ್ತಾ. "ಬೇಕೇಬೇಕಿತ್ತು. ಇದಕ್ಕೆ ಎಷ್ಟು ವರ್ಷ ಓಡಾಡಿದ್ರು ನಮ್ಮ ಜನ."

ಹಿಂದಿನಿಂದ ಒಂದು ಕಾರು ಹಾರ್ನ್ ಮಾಡಿತು. ಹೊರಟೆವು.

ಅವರ ಮನೆ ತುಮರಿಯಿಂದ ಮುಂದೆ, ಒಂದು ಮಣ್ಣು ದಾರಿಯ ಕೊನೆಗೆ. ಅಂಗಳದಲ್ಲಿ ಇಳಿದ ಮೇಲೆ ಗೋಣಿ ಬಿಚ್ಚಿ ತೋರಿಸಿದರು. ಮೆಟ್ಟುಗತ್ತಿ. ಸಾಗರಕ್ಕೆ ಸಾಣೆ ಹಿಡಿಸಲು ಒಯ್ದಿದ್ದರಂತೆ. ಮುಳುಗಿದ ಮನೆಯಿಂದ ಹೊತ್ತು ತಂದ ಸಾಮಾನಲ್ಲಿ ಉಳಿದಿರುವುದು ಇದೊಂದೇ. ಕಾಲಲ್ಲಿ ಒತ್ತಿ ಹಿಡಿಯುವ ಕಡೆ ಮರ ಸವೆದು, ಹಿಮ್ಮಡಿ ಕೂರುವಷ್ಟು ಹಳ್ಳ ಬಿದ್ದಿತ್ತು. ಅಪ್ಪನ ಕಾಲು, ಆಮೇಲೆ ಇವರ ಕಾಲು. ಮಗ ಅಡಿಕೆ ಸುಲಿಯುವ ಮೆಷಿನ್ ತಂದಿದ್ದಾನೆ. ಆದರೂ ದಿನಾ ಒಂದು ಬುಟ್ಟಿ ಇದರಲ್ಲೇ ಸುಲಿದರೆ ಸಮಾಧಾನ ಅಂದರು.

ಮಜ್ಜಿಗೆ ಕುಡಿಸಿಯೇ ಕಳಿಸಿದರು. ಹೆಸರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲಿನ ರಸ್ತೆ ಬಗ್ಗೆ ಬರೆಯೋಕೆ ಬೇಕಾದಷ್ಟಿದೆ. ಇನ್ನೊಂದು ದಿನ ಬರೀತೀನಿ. ಎದುರಿಗೆ ಒಂದು ಜೀಪು ಬಂದರೆ ಯಾರಾದರೂ ಒಬ್ಬರು ಕಾಡಿಗೆ ಇಳಿಯಬೇಕು, ಅಷ್ಟು ಕಿರಿದು. ಒಂದು ತಿರುವಿನಲ್ಲಿ ಜಲ್ಲಿ ಮೇಲೆ ಹಿಂದಿನ ಚಕ್ರ ಜಾರಿತು, ಬೀಳಲಿಲ್ಲ. ನಿಟ್ಟೂರಿನಲ್ಲಿ ಚಹಾ ಕುಡಿಯುವಾಗ ಸಿಗ್ನಲ್ ಬಂತು. ಅಣ್ಣನ ಮೆಸೇಜ್ ಆಗ ನೋಡಿದ್ದು.

"ಅರಸೀಕೆರೆ ಮನೆಗೆ ಪಾರ್ಟಿ ಒಪ್ಪಿದ್ದಾರೆ. ಬುಧವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸೈನ್ ಮಾಡು."

ಅಣ್ಣನದು ತಪ್ಪಲ್ಲ. ಅಪ್ಪ ಹೋದ ಮೇಲೆ ಅಲ್ಲಿ ಯಾರೂ ಇಲ್ಲ, ಹಿತ್ತಲ ಗೋಡೆ ಕುಸಿದಿದೆ, ಅಮ್ಮನ ಮಂಡಿ ಆಪರೇಷನ್ನಿಗೆ ದುಡ್ಡು ಬೇಕು. ಮಾರಬೇಕು, ಮಾರುವುದೇ ಸರಿ. ಸಹಿ ಹಾಕುತ್ತೇನೆ.

ನಾಳೆ ಬೆಳಗ್ಗೆ ನಗರ ಅನ್ನೋ ಊರಿನ ಮೇಲೆ ಹಾದು ಹುಲಿಕಲ್ ಘಾಟಿ ಇಳಿಯಬೇಕು. ಮಂಜು ಕರಗಲಿ ಅಂತ ಎಂಟರ ತನಕ ಕಾಯುತ್ತೇನೆ. ಚೈನಿಗೆ ಎಣ್ಣೆ ಬಿಡಬೇಕು. ಸುಮಾಗೆ ಅವಳ ಹೆಲ್ಮೆಟ್ಟಿನ ಕಥೆ ಹೇಳಬೇಕು.

ಅರಸೀಕೆರೆ ಮನೆಯ ಟೆರೇಸಿನಿಂದ ಮಾಲೇಕಲ್ ತಿರುಪತಿ ಬೆಟ್ಟ ಕಾಣುತ್ತಿತ್ತು. ಅಪ್ಪ ಬೆಳಗ್ಗೆ ಕಾಫಿ ಲೋಟ ಹಿಡಿದು ಒಂದು ಮೂಲೆಯಲ್ಲೇ ನಿಲ್ಲುತ್ತಿದ್ದರು. ಆ ಮೂಲೆಯಿಂದ ಬೆಟ್ಟದ ನೆತ್ತಿಗೆ ಸರಿಯಾಗಿ ಕೂಡುತ್ತಿದ್ದದ್ದು ಯಾವುದು? ಎದುರು ಮನೆಯ ತೆಂಗಿನ ಮರವಾ, ನೀರಿನ ಟ್ಯಾಂಕಾ? ತೆಂಗಿನ ಮರ ಸ್ವಲ್ಪ ಬಲಕ್ಕಿತ್ತು ಅನಿಸುತ್ತೆ. ಹಾಗಾದರೆ ಅಪ್ಪ ನಿಲ್ಲುತ್ತಿದ್ದದ್ದು ಬಟ್ಟೆ ಒಣಗಿಸುವ ತಂತಿಯ ಈಚೆಗಾ, ಆಚೆಗಾ