ಕುದುರೆ ದಣಿಯಲೇಬೇಕು

ಕಥೆಯಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಬಂದರೆ ಓದುಗ ತಕರಾರು ತೆಗೆಯುವುದಿಲ್ಲ. ಅದೇ ಕಥೆಯ ನಾಯಕ ಒಂದೇ ಕುದುರೆಯ ಮೇಲೆ ಮೂರು ಹಗಲು ಮೂರು ರಾತ್ರಿ ನಾಗಾಲೋಟದಲ್ಲಿ ಹೋದನೆಂದರೆ ಪುಸ್ತಕ ಮಡಚಿಡುತ್ತಾನೆ. ಮಧ್ಯಯುಗದ ಯುರೋಪನ್ನು ಹೋಲುವ ಫ್ಯಾಂಟಸಿ ಕಾದಂಬರಿಗಳು ಹಿಡಿದು ಕೂರಿಸುವುದು ಇಂಥ ಲೆಕ್ಕ ಸರಿ ಇದ್ದಾಗ.

ಕುದುರೆಯ ನಡಿಗೆ ಗಂಟೆಗೆ ಸುಮಾರು 6 ಕಿ.ಮೀ. ದಿನಕ್ಕೆ 40–50 ಕಿ.ಮೀ. ಸಾಗಿದರೆ ಒಳ್ಳೆಯ ಪಯಣ. ನಾಗಾಲೋಟವೇನಿದ್ದರೂ ಕೆಲವೇ ಕಿ.ಮೀ. ದುಡಿಯುವ ಕುದುರೆಗೆ ದಿನಕ್ಕೆ ಹತ್ತಿರ ಹತ್ತಿರ 10 ಕೆ.ಜಿ. ಆಹಾರ ಬೇಕು, ಅರ್ಧ ಕಾಳು, ಅರ್ಧ ಹುಲ್ಲು. ಸಾವಿರ ಕುದುರೆಯ ದಂಡಿಗೆ ಕಾಳೇ 5 ಟನ್. ಗಾಡಿಗೆ ಅರ್ಧ ಟನ್ ಹೇರಿದರೂ ದಿನಕ್ಕೆ 10 ಗಾಡಿ. ಆ ಗಾಡಿ ಎಳೆಯುವ ಎತ್ತುಗಳ ಹೊಟ್ಟೆ ಬೇರೆ. ಹಾಗಾಗಿ ದಾರಿಯ ಹಳ್ಳಿಗಳ ಕಣಜ ಬರಿದಾಗುತ್ತದೆ, ಹಳ್ಳಿಯವರು ರಾಜನಿಗೆ ಶಾಪ ಹಾಕುತ್ತಾರೆ. ಕಥೆ ಅಲ್ಲೇ ಸಿಕ್ಕಿತು.

ಮುತ್ತಿಗೆಯ ದೃಶ್ಯ ಬರೆಯುವವರು ಇಂಗ್ಲೆಂಡಿನ ರೋಚೆಸ್ಟರ್ ಕೋಟೆಯ 1215ರ ಕಥೆ ನೋಡಬೇಕು. ಕಿಂಗ್ ಜಾನ್‌ನ ಕಲ್ಲೆಸೆಯುವ ಯಂತ್ರಗಳು ದಪ್ಪ ಗೋಡೆಯ ಮುಂದೆ ಸೋತವು. ಆಗ ಅವನ ಆಳುಗಳು ಗೋಪುರದ ಒಂದು ಮೂಲೆಯ ಬುಡಕ್ಕೆ ಸುರಂಗ ಕೊರೆದು, ಮೇಲಿನ ಭಾರಕ್ಕೆ ಮರದ ಆಸರೆ ಕೊಟ್ಟರು. ಆ ಮರಕ್ಕೆ ಬೆಂಕಿ ಹಿಡಿಸಲು ರಾಜ ತರಿಸಿದ್ದು 40 ಕೊಬ್ಬಿದ ಹಂದಿ! ತಿನ್ನಲು ಯೋಗ್ಯವಲ್ಲದವೇ ಸಾಕೆಂದು ಬೇರೆ ಬರೆಸಿದ್ದ. ಆಸರೆ ಸುಟ್ಟಿತು, ಮೂಲೆ ಕುಸಿಯಿತು. ಒಳಗಿದ್ದವರು ಆದರೂ ಮಣಿಯದೆ ಗೋಪುರದ ನಡುಗೋಡೆಯ ಆಚೆಗೆ ಸರಿದು ಕಾದಾಡಿದರು. ಕೊನೆಗೆ ಸೋಲಿಸಿದ್ದು ಹಸಿವು. ಆಮೇಲೆ ಮತ್ತೆ ಕಟ್ಟಿದ ಆ ಮೂಲೆ ಮಾತ್ರ ಇವತ್ತಿಗೂ ದುಂಡಗಿದೆ, ಉಳಿದ ಮೂರು ಚೌಕ. ಹಂದಿಕೊಬ್ಬಿನಂಥ ವಿವರವನ್ನು ಕಲ್ಪನೆಯಿಂದ ಹೆಣೆಯುವುದು ಕಷ್ಟ.

ಕಾಳಗ ಬರೆಯುವಾಗ ಎಡವುವವರೇ ಹೆಚ್ಚು. ಒಂಟಿಗೈ ಕತ್ತಿಯ ತೂಕ ಒಂದು ಕೆ.ಜಿ.ಯ ಆಸುಪಾಸು, ಅದನ್ನು ಎತ್ತಲು ಪೈಲ್ವಾನನೇ ಬೇಕಿಲ್ಲ. ಉಕ್ಕಿನ ತಗಡಿನ ಪೂರ್ಣ ಕವಚ 20–25 ಕೆ.ಜಿ., ಆದರೆ ಭಾರ ಮೈಯೆಲ್ಲ ಹರಡಿರುತ್ತದೆ. ಕಾಡುವುದು ಸೆಕೆ ಮತ್ತು ಉಸಿರು. ಕತ್ತಿ ಆ ತಗಡನ್ನು ಸೀಳುವುದಿಲ್ಲ. ಕಂಕುಳು, ತೊಡೆಸಂದು, ಮುಖವಾಡದ ಸೀಳು, ಇವೇ ಗುರಿ. ಗಾಯವೂ ಪುಟ ತಿರುಗಿಸುವಷ್ಟರಲ್ಲಿ ಮಾಯಬಾರದು. 1199ರಲ್ಲಿ ಇಂಗ್ಲೆಂಡಿನ ರಾಜ ಸಿಂಹಹೃದಯಿ ರಿಚರ್ಡ್‌ನ ಭುಜಕ್ಕೆ ಅಡ್ಡಬಿಲ್ಲಿನ ಬಾಣ ನಾಟಿತು. ಗಾಯ ಕೊಳೆತು ಕೆಲವೇ ದಿನಗಳಲ್ಲಿ ಸತ್ತ.

ಹಾಗೆಂದು ಎಲ್ಲರ ಮುಖಕ್ಕೂ ಕೆಸರು ಬಳಿದು ಅದನ್ನೇ ವಾಸ್ತವ ಎನ್ನುವ ಚಾಳಿ ಸೋಮಾರಿತನ. ಆ ಕಾಲದ ಜನ ಸ್ನಾನ ಮಾಡುತ್ತಿದ್ದರು, ಗಾಢ ಬಣ್ಣದ ಬಟ್ಟೆಗೆ ಆಸೆಪಡುತ್ತಿದ್ದರು. ಇನ್ನೊಂದು ಕಾಟ, ಓದಿಕೊಂಡದ್ದನ್ನೆಲ್ಲ ತಂದು ಸುರಿಯುವುದು. ಲಾಳ ಕಟ್ಟುವ ವಿಧಾನ ಎರಡು ಪುಟ ಬೇಡ. ಕುದುರೆ ಕುಂಟಿತು, ಲಾಳ ಕಟ್ಟುವವನಿಗೆ ಕೊಡಲು ಕಾಸಿಲ್ಲ, ಇಷ್ಟು ಸಾಕು.

ಮಂತ್ರಕ್ಕೂ ಇದೇ ಲೆಕ್ಕ. ಮಾಂತ್ರಿಕನೊಬ್ಬ ಚಿಟಿಕೆ ಹೊಡೆದು ಕೋಟೆ ಕೆಡವಬಲ್ಲನಾದರೆ, ಆ ಲೋಕದಲ್ಲಿ ಅಷ್ಟು ದಪ್ಪದ ಗೋಡೆಯನ್ನು ಯಾರಾದರೂ ಯಾಕೆ ಕಟ್ಟಿಸುತ್ತಿದ್ದರು?