ಮೀನಿನ ಬಿಳಿ ಚುಕ್ಕೆಗೆ ನಮ್ಮ ಚಳಿಯ ಲೆಕ್ಕವೇ ಬೇರೆ
ಡಿಸೆಂಬರ್ ಚಳಿ ಶುರುವಾದರೆ ಸಾಕು, ಚಿಕ್ಕಮಗಳೂರಿನಲ್ಲಿ ಅಕ್ವೇರಿಯಂ ಇಟ್ಟಿರುವ ಗೆಳೆಯರಿಂದ ಒಂದೇ ಥರದ ಫೋಟೋ ಬರುತ್ತದೆ. ಗೋಲ್ಡ್‌ಫಿಶ್ ಮೈಮೇಲೆಲ್ಲ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಮೀನು ಕಲ್ಲಿಗೆ ಮೈ ಉಜ್ಜುತ್ತಿದೆಯಂತೆ. ಮದ್ದು ಹಾಕಿದ ಮೇಲೆ ಚುಕ್ಕೆ ಹೋಯಿತು, ಈಗ ಮತ್ತೆ ಬಂದಿದೆ, ಅದೂ ಮೊದಲಿಗಿಂತ ಜಾಸ್ತಿ.

ಮದ್ದು ಸರಿಯಾಗೇ ಇರುತ್ತದೆ. ಬೇಗ ನಿಲ್ಲಿಸಿದ್ದೇ ತೊಂದರೆ.

ಆ ಒಂದೊಂದು ಚುಕ್ಕೆಯಲ್ಲೂ ಸಾಮಾನ್ಯವಾಗಿ ಇರುವುದು ಒಂದೇ ಒಂದು ಜೀವಕೋಶ. ಹೆಸರು ಇಕ್ತಿಯಾಫ್ತಿರಿಯಸ್ ಮಲ್ಟಿಫಿಲಿಸ್, ಮೀನು ಸಾಕುವವರ ಬಾಯಲ್ಲಿ ಬರೀ 'ಇಕ್'. ಪಿಯುಸಿ ಲ್ಯಾಬಿನಲ್ಲಿ ನೋಡಿದ ಪ್ಯಾರಮೀಸಿಯಂ ನೆನಪಿದೆ ಅಲ್ವಾ? ಇದೂ ಅದೇ ಸಿಲಿಯೇಟ್ ಬಳಗದ್ದು, ಮೈತುಂಬ ಸಣ್ಣ ಸಣ್ಣ ಕೂದಲು, ಒಳಗೆ ಎರಡು ಥರದ ನ್ಯೂಕ್ಲಿಯಸ್. ಚಿಕ್ಕದು ಮುಂದಿನ ಪೀಳಿಗೆಗೆ, ದೊಡ್ಡದು ದಿನನಿತ್ಯದ ಕೆಲಸಕ್ಕೆ. ಮೀನಿನ ಮೈಯಿಂದ ಸ್ವಲ್ಪ ಲೋಳೆ ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ದುಂಡಗಿನ ಕೋಶವೊಂದು ನಿಧಾನಕ್ಕೆ, ನಿಲ್ಲದೆ ತಿರುಗುತ್ತಿರುತ್ತದೆ, ಅದರ ನಡುವೆ ಲಾಳದ ಆಕಾರದ ದೊಡ್ಡ ನ್ಯೂಕ್ಲಿಯಸ್. ಆ ಲಾಳ ಕಂಡರೆ ಇಕ್ ಅಂತ ಧೈರ್ಯವಾಗಿ ಹೇಳಬಹುದು. ಎಷ್ಟು ಸಲ ನೋಡಿದರೂ ನನಗೆ ಕಣ್ಣು ಕೀಳೋಕೆ ಮನಸ್ಸು ಬರುವುದಿಲ್ಲ.

ಇದು ಕೂತಿರುವುದು ಚರ್ಮದ ಮೇಲಲ್ಲ, ಹೊರಪದರದ ಒಳಗೆ. ಅಲ್ಲೇ ಮೀನಿನ ಅಂಗಾಂಶ ತಿಂದು ಹೆಚ್ಚೂಕಡಿಮೆ 1 ಮಿಲಿಮೀಟರ್ ತನಕ ಬೆಳೆಯುತ್ತದೆ. ನೀರಿಗೆ ಹಾಕಿದ ಮದ್ದು ಅದನ್ನು ಅಲ್ಲಿ ಮುಟ್ಟುವುದಿಲ್ಲ. ಬಲಿತ ಮೇಲೆ ತಾನಾಗಿ ಮೀನನ್ನು ಬಿಟ್ಟು ತಳಕ್ಕೋ ಗಿಡಕ್ಕೋ ಅಂಟಿಕೊಂಡು, ಸುತ್ತ ಅಂಟಿನ ಕವಚ ಕಟ್ಟಿ, ಒಳಗೊಳಗೇ ಒಡೆದು ನೂರಾರು ಮರಿಗಳಾಗುತ್ತದೆ. ಚುಕ್ಕೆ ಮಾಯವಾಯಿತು ಅಂತ ನಾವು ಖುಷಿಪಡುವುದು ಸರಿಯಾಗಿ ಆ ಹೊತ್ತಿಗೆ. ಮರಿಗಳು ಹೊರಬಂದು ಮೀನು ಹುಡುಕುತ್ತವೆ, ಒಂದೆರಡು ದಿನದಲ್ಲಿ ಸಿಗದಿದ್ದರೆ ಹೆಚ್ಚಿನವು ಸಾಯುತ್ತವೆ. ಉಪ್ಪಾಗಲಿ ಮದ್ದಾಗಲಿ ಚೆನ್ನಾಗಿ ಕೆಲಸ ಮಾಡುವುದು ಈ ಈಜುವ ಮರಿಗಳ ಮೇಲೆ ಮಾತ್ರ.

ಈ ಸುತ್ತು ನೀರಿನ ಬಿಸಿಗೆ ತಕ್ಕಂತೆ ಓಡುತ್ತದೆ. 25 ಡಿಗ್ರಿ ಆಸುಪಾಸಿನಲ್ಲಿ ವಾರದೊಳಗೆ ಮುಗಿದರೆ, 10 ಡಿಗ್ರಿಯಲ್ಲಿ ತಿಂಗಳು ದಾಟುತ್ತದೆ. ಹೀಟರ್ ಇಲ್ಲದ ನಮ್ಮ ಚಳಿಗಾಲದ ತೊಟ್ಟಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಕರಾವಳಿಯವರು ಹೇಳಿದ ದಿನದ ಲೆಕ್ಕ ಇಲ್ಲಿ ಸಾಲದು, ಕೊನೆಯ ಚುಕ್ಕೆ ಹೋದ ಮೇಲೂ ಒಂದು ಸುತ್ತಿನಷ್ಟು ದಿನ ಮದ್ದು ಮುಂದುವರಿಸಬೇಕು. ಹೀಟರ್ ಹಾಕಿ ಸುತ್ತನ್ನು ಬೇಗ ಓಡಿಸಬಹುದು ನಿಜ. ಆದರೆ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಿವಿರು ಮೊದಲೇ ಹಾಳಾಗಿರುತ್ತದೆ, ಹಾಗಾಗಿ ಗಾಳಿ ಪಂಪ್ ಜೊತೆಗಿರಲೇಬೇಕು.

ಎಸ್ಟೇಟ್ ಕೆರೆಗೆ ಕಾಟ್ಲಾ, ರೋಹು ಮರಿ ಬಿಡುವವರು ಟ್ರೈಕೋಡೈನಾ ಅನ್ನುವ ಇನ್ನೊಂದು ಸಿಲಿಯೇಟನ್ನೂ ತಿಳಿದಿರಲಿ. ತಟ್ಟೆ ಆಕಾರ, ಅಡಿಯಲ್ಲಿ ಹಲ್ಲುಗಳ ಉಂಗುರ. ಅದು ಹೆಚ್ಚಾಗಿ ತಿನ್ನುವುದು ಬ್ಯಾಕ್ಟೀರಿಯಾವನ್ನೇ, ನಾಲ್ಕಾರು ಇದ್ದರೆ ಮೀನಿಗೆ ಏನೂ ಆಗುವುದಿಲ್ಲ. ಮರಿ ಕಿಕ್ಕಿರಿದು ನೀರು ಕೊಳಕಾದಾಗ ವಿಪರೀತ ಹೆಚ್ಚಿ ಕಿವಿರು ಕೆಡಿಸುತ್ತದೆ. ಅಲ್ಲಿ ಮದ್ದಿಗಿಂತ ಮೊದಲು ಮರಿಗಳ ಸಂಖ್ಯೆ ತಗ್ಗಿಸಿ.

ಇನ್ನೊಂದು ಮಾತು, ದಯವಿಟ್ಟು. ಚುಕ್ಕೆ ಬಂದ ತೊಟ್ಟಿಯ ನೀರನ್ನಾಗಲಿ, ಬೇಡವಾದ ಮೀನನ್ನಾಗಲಿ ಬಸವನಹಳ್ಳಿ ಕೆರೆಗೆ ಬಿಡಬೇಡಿ. ನೀರನ್ನು ಕೆರೆ, ಚರಂಡಿಯಿಂದ ದೂರ ಒಣಮಣ್ಣಿಗೆ ಸುರಿಯಿರಿ, ಒಣಗಿದರೆ ಇಕ್ ಬದುಕುವುದಿಲ್ಲ.