ಮನಸ್ಸು ಹೇಗೆ ಗಟ್ಟಿ ಮಾಡ್ಕೊಂಡ್ರಿ?

"ಅಪ್ಪ ತೀರಿಕೊಂಡ ವರ್ಷವೇ ಸೆಕೆಂಡ್ ಪಿಯು. ಅದರ ಮೇಲೆ ಓಟ ಬೇರೆ. ಮನಸ್ಸು ಹೇಗೆ ಗಟ್ಟಿ ಮಾಡ್ಕೊಂಡ್ರಿ?" ನಾನು 400 ಮೀಟರ್ ಓಡುತ್ತಿದ್ದವಳು ಅಂತ ಗೊತ್ತಿರುವ ಪಿಯು ಮಕ್ಕಳು, ಅವರ ಅಮ್ಮಂದಿರು ಎಲ್ಲರೂ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಕೇಳಿ ಸ್ವಲ್ಪ ಪೆಚ್ಚಾಗುತ್ತಾರೆ. ನನ್ನ ಮನಸ್ಸೇನೂ ಗಟ್ಟಿ ಇರಲಿಲ್ಲ. ರಕ್ತ ಸರಿಮಾಡಿಕೊಂಡೆ, ಅಷ್ಟೇ.

ಅಪ್ಪನ ಕಾರ್ಯ ಎಲ್ಲಾ ಮುಗಿದ ಮೇಲೆ ಗ್ರೌಂಡಿಗೆ ಹೋದರೆ, ಕೊನೆಯ ನೂರು ಮೀಟರಿಗೆ ಕಾಲೇ ಏಳುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೂ ಏದುಸಿರು. ಓದಲು ಕೂತರೆ ತೂಕಡಿಕೆ. "ಪಾಪ, ಅಪ್ಪನ ನೆನಪು" ಅಂದರು ಮನೆಯವರು. ಪಿಟಿ ಮೇಡಂ ಮಾತ್ರ, "ಮೊದಲು ಹಿಮೋಗ್ಲೋಬಿನ್ ನೋಡಿಸು" ಅಂದರು. ನಮ್ಮ ವಯಸ್ಸಿನ ಹುಡುಗಿಯರಿಗೆ ಅದು 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ನನ್ನದು 9ರ ಆಸುಪಾಸಿನಲ್ಲಿತ್ತು.

ಸಂಕಟವೂ ರಕ್ತಹೀನತೆಯೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಮುಟ್ಟಿನಲ್ಲಿ ರಕ್ತ ಹೋಗುತ್ತದೆ, ದಿನಾ ಓಡುವ ಮೈಗೆ ಕಬ್ಬಿಣವೂ ಜಾಸ್ತಿ ಬೇಕು. ನಮ್ಮ ಮನೆಯಲ್ಲಿ ಆಗ ಸರಿಯಾಗಿ ಅಡುಗೆಯೇ ಆಗುತ್ತಿರಲಿಲ್ಲ. ಚಹಾ, ಬನ್ನಿನಲ್ಲೇ ದಿನ ಕಳೆಯುತ್ತಿತ್ತು. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹಣ್ಣಿದ್ದರೆ ಚೆನ್ನಾಗಿ ಹತ್ತುತ್ತದೆ ಅಂತ ಡಾಕ್ಟರು ಹೇಳಿದರು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದರಿಂದ ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಾಗುತ್ತದೆ. ಎಷ್ಟೋ ಹುಡುಗಿಯರು ಹೆದರಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಿಡುವ ಮುಂಚೆ ಡಾಕ್ಟರನ್ನು ಕೇಳಿ.

ಕೆಲವು ತಿಂಗಳಲ್ಲಿ ಕಾಲಿಗೆ ಬಲ ಬಂತು. ಅಳು ನಿಂತಿರಲಿಲ್ಲ. ಅತ್ತುಕೊಂಡೂ ಓಡಬಹುದು, ರಕ್ತವಿಲ್ಲದೆ ಆಗುವುದಿಲ್ಲ.

ಓದಿನ ವಿಷಯ ಇಷ್ಟೇ. ಪಿಯುನಲ್ಲಿ ಹಾಜರಾತಿ ಶೇ. 75 ಬೇಕು. ಕ್ರೀಡಾಕೂಟಕ್ಕೆ ಹೋದಾಗಲೆಲ್ಲ ಭಾಗವಹಿಸಿದ್ದಕ್ಕೆ ಪತ್ರ ತಂದು ಆಫೀಸಿಗೆ ಕೊಡಿ, ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ವರ್ಷದ ಕೊನೆಗೆ ಯಾರಿಗೂ ನೆನಪಿರುವುದಿಲ್ಲ.

ಮುಂದೆ ಡಿಗ್ರಿ. ಮೂಡುಬಿದಿರೆಯ ಆಳ್ವಾಸ್ ಥರ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ಹಾಸ್ಟೆಲ್ ನೋಡಿಕೊಳ್ಳುವ ಕಡೆಗಳಿವೆ. ಸಿಇಟಿ ಮೂಲಕ ಸೇರುವ ಕೋರ್ಸುಗಳಲ್ಲೂ ಕ್ರೀಡಾ ಕೋಟಾ ಇದೆ. ನಾನು ಟ್ರಯಲ್ಸ್‌ಗೆ ಹೋದ ಕಾಲೇಜಿನಲ್ಲಿ ಟೈಮಿಂಗ್ ಕೇಳಿದರು, ಸರ್ಟಿಫಿಕೇಟ್ ಕೇಳಿದರು. ಮನೆಯ ಕಥೆ ಯಾರೂ ಕೇಳಲಿಲ್ಲ. ವರ್ಷವಿಡೀ "ಅಯ್ಯೋ ಪಾಪ" ಕೇಳಿ ಸಾಕಾಗಿದ್ದ ನನಗೆ ಅದೇ ಹಿತವಾಗಿತ್ತು.

ಸರ್ಟಿಫಿಕೇಟ್ ಅಂದೆನಲ್ಲ, ಅದರಲ್ಲಿ ನಿಮ್ಮ ಹೆಸರು, ಇನಿಷಿಯಲ್ ಎರಡೂ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ? ಇಲ್ಲದಿದ್ದರೆ ಈಗಲೇ ಸರಿಮಾಡಿಸಿ. ಅಡ್ಮಿಷನ್ ದಿನ ಕೌಂಟರಿನ ಮುಂದೆ ಅದು ಆಗುವ ಕೆಲಸವಲ್ಲ.